ಸೌಜಾ ಬರೆದದ್ದು, ಚಕ್ ಬಿಲ್ಲಿ ಹಾಡಿದ್ದು

ಅಮೆರಿಕದ ಥ್ರ್ಯಾಶ್ ಮೆಟಲ್ ತಂಡ ಟೆಸ್ಟಮೆಂಟ್‌ನ ಚೊಚ್ಚಲ ಆಲ್ಬಮ್ ‘ದಿ ಲೆಗಸಿ’ ಹೊರಬಂದದ್ದು 1987ರ ಏಪ್ರಿಲ್‌ನಲ್ಲಿ. ಒಂಬತ್ತು ಹಾಡುಗಳಲ್ಲೂ ಕೇಳುವುದು ಚಕ್ ಬಿಲ್ಲಿ ಅವರ ಕಂಠ. ರಚನೆಕಾರರ ಹೆಸರುಗಳನ್ನು ಓದುತ್ತ ಹೋದರೆ ಮಾತ್ರ ಮತ್ತೆ ಮತ್ತೆ ಎದುರಾಗುವುದು ಸ್ಟೀವ್ ‘ಝೆಟ್ರೊ’ ಸೌಜಾ ಎಂಬ ಇನ್ನೊಂದು ಹೆಸರು. ಸೌಜಾ ಈ ತಂಡದ ಹಿಂದಿನ ಗಾಯಕರು. ಆಲ್ಬಮ್ ಮುದ್ರಣವಾಗುವ ಹೊತ್ತಿಗೆ ಅವರು ಬೇರೊಂದು ತಂಡ ಸೇರಿಯಾಗಿತ್ತು. ಹೊರಡುವಾಗ ತಮ್ಮ ಜಾಗಕ್ಕೆ ಚಕ್ ಬಿಲ್ಲಿ ಆಗಬಹುದೆಂದು ಹೇಳಿ ಹೋದವರೂ ಅವರೇ.

ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1983ರಲ್ಲಿ ಕಟ್ಟಿದಾಗ ತಂಡದ ಹೆಸರು ಲೆಗಸಿ ಎಂದಿತ್ತು. ಎರಿಕ್ ಪೀಟರ್ಸನ್ ಗಿಟಾರ್. ಅವರ ಜೊತೆಗೆ ಬಂದ ಅಲೆಕ್ಸ್ ಸ್ಕೋಲ್ನಿಕ್ ಇನ್ನೂ ಶಾಲೆ ಮುಗಿಸದ ಹುಡುಗ, ಗಿಟಾರ್ ವಾದಕ ಜೋ ಸಾಟ್ರಿಯಾನಿ ಅವರ ಶಿಷ್ಯ. 1985ರಲ್ಲಿ ಸೌಜಾ ಹಾಡಿದ ನಾಲ್ಕು ಹಾಡುಗಳ ಡೆಮೊ ಕ್ಯಾಸೆಟ್ ಬಂತು. ಥ್ರ್ಯಾಶ್ ಆಗ ಹಬ್ಬುತ್ತಿದ್ದದ್ದೇ ಹಾಗೆ: ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿಕೊಂಡು, ಲಕೋಟೆಯಲ್ಲಿಟ್ಟು, ಕಂಡರಿಯದ ಊರಿನ ಗೆಳೆಯನಿಗೆ ಅಂಚೆಗೆ ಹಾಕುವುದು. ಹಾಡುಗಳು ಸಿದ್ಧವಿದ್ದವು. ಆಲ್ಬಮ್ ಆಗುವ ಮೊದಲೇ ಗಾಯಕರು ಹೊರಟರು.

ಅವರನ್ನು ಕರೆದದ್ದು ಎಕ್ಸೋಡಸ್. ಈ ತಂಡವನ್ನು ಕಟ್ಟಿದವರಲ್ಲಿ ಒಬ್ಬರನ್ನು ನಮ್ಮವರು ಕಣ್ಣಾರೆ ಕಂಡಿದ್ದಾರೆ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾದ ಗಿಟಾರ್ ಹಿಡಿದು ನಿಂತಿದ್ದ ಕರ್ಕ್ ಹ್ಯಾಮೆಟ್ ಮೂಲತಃ ಎಕ್ಸೋಡಸ್‌ನವರು. 1983ರಲ್ಲಿ ಮೆಟಾಲಿಕಾ ಡೇವ್ ಮಸ್ಟೇನ್ ಅವರನ್ನು ಬಿಟ್ಟು ಹ್ಯಾಮೆಟ್ ಅವರನ್ನು ಕರೆಸಿಕೊಂಡಿತು. ಎಕ್ಸೋಡಸ್‌ನಲ್ಲಿ ಉಳಿದವರಲ್ಲಿ ಗಿಟಾರಿಗೆ ಗ್ಯಾರಿ ಹೋಲ್ಟ್, ಹಾಡಿಗೆ ಪಾಲ್ ಬಾಲಾಫ್. ಇವರ ‘ಬಾಂಡೆಡ್ ಬೈ ಬ್ಲಡ್’ 1985ರಲ್ಲಿ ಬಂತು. ಬಾಲಾಫ್ ಅವರದು ಶ್ರುತಿ-ಲಯಕ್ಕೆ ಕಟ್ಟುಬೀಳುವ ಗಾಯನವಲ್ಲ, ಎದುರಿದ್ದವರನ್ನು ಕಾಳಗಕ್ಕೆ ಕರೆಯುವ ಕೂಗು. ನನಗೆ ಆ ಕೂಗು ಇವತ್ತಿಗೂ ಇಷ್ಟ. 1986ರಲ್ಲಿ ತಂಡ ಅವರನ್ನು ಕೈಬಿಟ್ಟಿತು, ಸೌಜಾ ಬಂದರು. ಹೀಗೆ ಒಂದೇ ಊರಿನ ಆಸುಪಾಸಿನ ಎರಡು ತಂಡಗಳು 1987ರಲ್ಲಿ ಹೊಸ ಗಾಯಕರೊಂದಿಗೆ ಆಲ್ಬಮ್ ತಂದವು. ಏಪ್ರಿಲ್‌ನಲ್ಲಿ ‘ದಿ ಲೆಗಸಿ’, ಅಕ್ಟೋಬರ್‌ನಲ್ಲಿ ಎಕ್ಸೋಡಸ್‌ನ ‘ಪ್ಲೆಷರ್ಸ್ ಆಫ್ ದಿ ಫ್ಲೆಶ್’. ತಮ್ಮ ಸಾಲುಗಳನ್ನು ಇನ್ನೊಬ್ಬರಿಗೆ ಬಿಟ್ಟು ಬಂದ ಸೌಜಾ, ಇಲ್ಲಿ ಬಾಲಾಫ್ ಕಾಲದಲ್ಲೇ ವೇದಿಕೆಯ ಮೇಲೆ ನುಡಿಸುತ್ತಿದ್ದ ಹಾಡುಗಳಿಗೆ ದನಿ ಕೊಡಬೇಕಾಯಿತು.

ಇದನ್ನು ಬರೆಯಲು ಕಾರಣವಿದೆ. ನಾನಿರುವ ಲೋಣಾವಳಾದಲ್ಲಿ ಬಾಡಿಗೆ ಬಂಗಲೆಗಳಿಗೆ ಬರವಿಲ್ಲ. ಮಳೆಗಾಲದ ಶನಿವಾರಗಳಲ್ಲಿ ಪುಣೆಯ ಕೆಲವು ಹುಡುಗರು ಅಂಥದ್ದೊಂದರಲ್ಲಿ ಡ್ರಮ್ಸ್ ಇಳಿಸಿ ಅಭ್ಯಾಸ ಮಾಡುತ್ತಾರೆ. ಅವರಲ್ಲೊಬ್ಬ ಧಾರವಾಡದವನು. ಈ ವರ್ಷ ಅವರ ಗಾಯಕ ನೌಕರಿ ಸಿಕ್ಕಿ ದೂರದೂರಿಗೆ ಹೋದ. ‘ಹೊಸಬ ಸಿಕ್ಕಾನ್ರೀ, ಆದ್ರ ಹಾಡೆಲ್ಲಾ ಹೋದಾವನ ಬರದದ್ದು. ಇಟ್ಕೊಳ್ಳೋದೋ, ತೆಗದು ಹಾಕೋದೋ?’ ಎಂದು ಧಾರವಾಡದ ಹುಡುಗ ಕೇಳಿದ. ನಾನು ‘ದಿ ಲೆಗಸಿ’ ಹಾಕಿದೆ.

ಮೊದಲ ಹಾಡು ‘ಓವರ್ ದ ವಾಲ್’, ಜೈಲು ಗೋಡೆ ಹಾರುವವನ ಕತೆ. ಗಿಟಾರ್ ನುಡಿಸುವ ಬಲಗೈಯ ಅಂಚು ತಂತಿಯ ಬುಡವನ್ನು ಅದುಮಿ ಹಿಡಿದಿರುತ್ತದೆ; ನಾದ ಹರಡದೆ ಟಕಟಕನೆ ತುಂಡಾಗಿ ಬೀಳುತ್ತದೆ. ಆ ತುಂಡುಗಳ ನಡುವೆ ಅಕ್ಷರಗಳನ್ನು ಕೂರಿಸಬೇಕು, ಉಸಿರು ತೆಗೆದುಕೊಳ್ಳಲು ಪುರಸೊತ್ತಿಲ್ಲ. ಸೌಜಾ ಅವರದು ಮೂಗಿನಿಂದ ಹೊರಡುವ ಮೊನಚು ದನಿ, ಸಾಲುಗಳ ಅಳತೆಯೂ ಅದಕ್ಕೆ ತಕ್ಕದ್ದು. ಚಕ್ ಬಿಲ್ಲಿ ಆಳು ಎತ್ತರ, ದನಿ ಎದೆಯಿಂದ ಬರುವಂಥದ್ದು. ಅವರು ಅಕ್ಷರಗಳನ್ನು ಆ ವೇಗದಲ್ಲೇ ಒಗೆದು, ಸಾಲಿನ ಕೊನೆಯ ಸ್ವರವನ್ನು ಮಾತ್ರ ಬಿಗಿಹಿಡಿದು ಎಳೆಯುತ್ತಾರೆ. ಅವಸರದ ಹಾಡಿಗೆ ತೂಕ ಬರುವುದು ಅಲ್ಲಿ. ಯಕ್ಷಗಾನದಲ್ಲಿ ಪ್ರಸಂಗದ ಪದ್ಯ ಅದೇ ಇದ್ದು ಭಾಗವತರು ಬದಲಾದಾಗ ಇಡೀ ಆಟದ ನಡೆ ಬೇರೆಯಾಗುವುದನ್ನು ಬಲ್ಲವರಿಗೆ ಈ ಮಾತು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಆ ಆಲ್ಬಮ್ಮಿನ ಹೊತ್ತಿಗೇ ತಂಡದ ಹೆಸರು ಕೂಡ ಬದಲಾಯಿತು. ಲೆಗಸಿ ಎಂಬ ಹೆಸರಿನ ಮೇಲೆ ಇನ್ನೊಂದು ಸಂಗೀತ ತಂಡದ ಹಕ್ಕಿತ್ತು. ಟೆಸ್ಟಮೆಂಟ್ ಎಂಬ ಹೆಸರನ್ನು ಸೂಚಿಸಿದವರು ಎಸ್‌.ಒ.ಡಿ. ತಂಡದ ಬಿಲ್ಲಿ ಮಿಲಾನೊ. ಬಿಟ್ಟುಕೊಟ್ಟ ಹೆಸರನ್ನು ಆಲ್ಬಮ್ಮಿಗೆ ಇಟ್ಟುಕೊಂಡರು.

ಬೆಂಗಳೂರಲ್ಲೂ ಸೌಜಾ ಅವರದಕ್ಕೆ ಹತ್ತಿರದ ಕತೆಯಿದೆ. 1998ರಲ್ಲಿ ನೋಲನ್ ಲೂಯಿಸ್ ಜೊತೆ ಕ್ರಿಪ್ಟೋಸ್ ಕಟ್ಟಿದ ಗಣೇಶ್ ಕೃಷ್ಣಸ್ವಾಮಿ ಮುಂದೆ ಆ ತಂಡದಿಂದ ಹೊರಬಂದು ಬೇವರ್ ಸೀ ತಂಡದ ಗಾಯಕರಾದರು. 2012ರ ‘ದ ಕಾಯಿಲ್ಸ್ ಆಫ್ ಅಪೋಲಿಯನ್’ನಲ್ಲಿ ಕ್ರಿಪ್ಟೋಸ್‌ನ ಕಂಠ ಲೂಯಿಸ್ ಅವರದು. ಎರಡೂ ತಂಡಗಳು ತಮ್ಮ ತಮ್ಮ ದಾರಿಯಲ್ಲಿ ಬೆಳೆದವು.

ಸೌಜಾ ಮತ್ತು ಚಕ್ ಬಿಲ್ಲಿ ಅವರ ಕತೆ 1987ಕ್ಕೆ ಮುಗಿಯಲಿಲ್ಲ. 2001ರಲ್ಲಿ ಚಕ್ ಬಿಲ್ಲಿ ಅವರಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಚಿಕಿತ್ಸೆಯ ಖರ್ಚಿಗೆ ನೆರವಾಗಲು ಆ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ‘ಥ್ರ್ಯಾಶ್ ಆಫ್ ದ ಟೈಟನ್ಸ್’ ಕಛೇರಿ ನಡೆಯಿತು. ಚದುರಿಹೋಗಿದ್ದ ಡೆತ್ ಏಂಜಲ್ ತಂಡ ಇದಕ್ಕಾಗಿಯೇ ಮತ್ತೆ ಒಂದಾಯಿತು. ಎಕ್ಸೋಡಸ್ ಬಾಲಾಫ್ ಅವರೊಂದಿಗೆ ವೇದಿಕೆಗೆ ಬಂತು. ಲೆಗಸಿ ಎಂಬ ಹಳೆಯ ಹೆಸರಿನಲ್ಲಿ ಹಳೆಯ ಗೆಳೆಯರು ಸೇರಿದರು, ಹಾಡಿದವರು ಸೌಜಾ. ಆರು ತಿಂಗಳು ಕಳೆಯುವುದರೊಳಗೆ, 2002ರ ಫೆಬ್ರುವರಿ 2ರಂದು, ಬಾಲಾಫ್ ಪಾರ್ಶ್ವವಾಯುವಿಗೆ ಬಲಿಯಾದರು. ಎಕ್ಸೋಡಸ್ ಮತ್ತೆ ಸೌಜಾ ಅವರನ್ನೇ ಕರೆಯಿತು. 2004ರಲ್ಲಿ ‘ಟೆಂಪೊ ಆಫ್ ದ ಡ್ಯಾಮ್ಡ್’ ಬಂತು. ಚಕ್ ಬಿಲ್ಲಿ ಗುಣವಾಗಿ ಈಗಲೂ ಹಾಡುತ್ತಿದ್ದಾರೆ.

ಹಳೆಯ ಹಾಡುಗಳನ್ನು ಟೆಸ್ಟಮೆಂಟ್ ಮತ್ತೆ ಮುದ್ರಿಸಿದ ‘ಫಸ್ಟ್ ಸ್ಟ್ರೈಕ್ ಸ್ಟಿಲ್ ಡೆಡ್ಲಿ’ ಕೂಡ 2001ರದೇ. ಹೆಚ್ಚಿನವು ಚಕ್ ಬಿಲ್ಲಿ ದನಿಯಲ್ಲಿವೆ. ‘ಅಲೋನ್ ಇನ್ ದ ಡಾರ್ಕ್’ ಮತ್ತು 1987ರ ಆಲ್ಬಮ್ಮಿನಲ್ಲಿ ಜಾಗ ಸಿಗದ ‘ರೇನ್ ಆಫ್ ಟೆರರ್’ ಎಂಬ ಎರಡನ್ನು ಮಾತ್ರ ಸೌಜಾ ಹಾಡಿದ್ದಾರೆ. ‘ಅಲೋನ್ ಇನ್ ದ ಡಾರ್ಕ್’ನ ಎರಡೂ ಮುದ್ರಣಗಳನ್ನು ಒಂದರ ಹಿಂದೊಂದು ಕೇಳಿದ ಧಾರವಾಡದ ಹುಡುಗ, ಬಿಲ್ಲಿ ಹಾಡಿದ್ದನ್ನೇ ಇನ್ನೊಮ್ಮೆ ಹಾಕಿ ಅಂದ.