ಎಕ್ಸೆಲ್ ಕಡತಗಳ ಹೆಸರಿನ ವಿಸ್ತರಣೆಯನ್ನು ಕಾಣುವಂತೆ ಮಾಡುವುದು

ಕಡತದ ಹೆಸರಿನ ಕೊನೆಯ ಚುಕ್ಕಿಯ ನಂತರ ಬರುವ ಅಕ್ಷರಗಳಿಗೆ ವಿಸ್ತರಣೆ ಎಂದು ಹೆಸರು. ಎಕ್ಸೆಲ್ 2007ರಿಂದ ಸಾಮಾನ್ಯ ಕಡತಕ್ಕೆ ‘ಎಕ್ಸ್‌ಎಲ್‌ಎಸ್‌ಎಕ್ಸ್’, ಮ್ಯಾಕ್ರೋ ಒಳಗೊಂಡ ಕಡತಕ್ಕೆ ‘ಎಕ್ಸ್‌ಎಲ್‌ಎಸ್‌ಎಂ’ ಎಂಬ ವಿಸ್ತರಣೆಗಳಿವೆ. ವಿಂಡೋಸ್ ಸಾಮಾನ್ಯವಾಗಿ ಇವುಗಳನ್ನು ಮರೆಮಾಡಿರುತ್ತದೆ. ಆದುದರಿಂದ ‘ವೇತನಪಟ್ಟಿ.ಎಕ್ಸ್‌ಎಲ್‌ಎಸ್‌ಎಕ್ಸ್.ಇಎಕ್ಸ್‌ಇ’ ಎಂಬ ಅಪಾಯಕಾರಿ ಕಡತವು ಕೊನೆಯ ಭಾಗ ಕಾಣದೆ, ಬರಿಯ ವೇತನಪಟ್ಟಿಯಂತೆ ತೋರುತ್ತದೆ. ಅದರ ಚಿಹ್ನೆಯನ್ನೂ ನಕಲು ಮಾಡಬಹುದಾದ್ದರಿಂದ ಚಿಹ್ನೆಯನ್ನು ನಂಬುವಂತಿಲ್ಲ. 2000ನೇ ಇಸವಿಯ ಮೇ ತಿಂಗಳಿನಲ್ಲಿ ಜಗತ್ತಿನಾದ್ಯಂತ ಹರಡಿದ ‘ಐ ಲವ್ ಯೂ’ ಕುತಂತ್ರಾಂಶವು ‘ಟಿಎಕ್ಸ್‌ಟಿ’ಯ ಹಿಂದೆ ‘ವಿಬಿಎಸ್’ ಅಡಗಿಸಿಕೊಂಡು ಇದೇ ಮಾರ್ಗವನ್ನು ಅನುಸರಿಸಿತ್ತು.

ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು, ‘ವ್ಯೂ’ ಅಡಿಯಲ್ಲಿರುವ ‘ಶೋ’ ಪಟ್ಟಿಯಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಆಯ್ದುಕೊಂಡಲ್ಲಿ ವಿಸ್ತರಣೆಯು ಗೋಚರಿಸುತ್ತದೆ. ವಿಸ್ತರಣೆಯನ್ನು ತಿದ್ದಿದ ಮಾತ್ರಕ್ಕೆ ಕಡತದ ಸ್ವರೂಪ ಬದಲಾಗದು, ತೆರೆಯಲು ತೊಡಕಾಗುವುದಷ್ಟೇ. ಸ್ವರೂಪ ಬದಲಿಸಲು ಎಕ್ಸೆಲ್‌ನ ‘ಸೇವ್ ಆ್ಯಸ್’ ಬಳಸತಕ್ಕದ್ದು.