ಬೆದ್‌ಗೆಲರ್ಟ್: ನಾಯಿ ಸಮಾಧಿಗೆ ಒಂದು ಸುತ್ತು

ವೇಲ್ಸ್‌ನ ಸ್ನೋಡೋನಿಯಾ ಬೆಟ್ಟಗಳ ನಡುವೆ ಬೆದ್‌ಗೆಲರ್ಟ್ ಅಂತ ಒಂದು ಹಳೇ ಹಳ್ಳಿ. ಕಲ್ಲಿನ ಸೇತುವೆ ಹತ್ತಿರ ಹೊರಟು ಗ್ಲಾಸ್ಲಿನ್ ನದಿ ದಡದಲ್ಲೇ ನಡೆದರೆ, ಮರದಡಿ ಗೆಲರ್ಟ್ ಎಂಬ ನಾಯಿಯ ಸಮಾಧಿ ಸಿಗುತ್ತೆ. ಮುಂದೆ ಹೊಳೆ ದಾಟಿ ಆಚೆ ದಡದಲ್ಲಿ ವಾಪಸ್. ಗಂಟೆಯೊಳಗೆ ಮುಗಿಯುತ್ತೆ.

13ನೇ ಶತಮಾನದ ರಾಜ ಲಿವೆಲಿನ್ ಬೇಟೆಯಿಂದ ಬಂದಾಗ ತೊಟ್ಟಿಲು ಮಗುಚಿತ್ತಂತೆ, ನಾಯಿ ಬಾಯಲ್ಲಿ ರಕ್ತ. ಮಗುನ ಕೊಂದಿದೆ ಅಂತ ಕತ್ತಿಯಿಂದ ಇರಿದ. ಆಮೇಲೆ ಮಗು ಅಳೋದು ಕೇಳಿಸ್ತು, ಪಕ್ಕದಲ್ಲಿ ಸತ್ತ ತೋಳ. ಎಲ್ಲೋ ಕೇಳಿದ ಹಾಗಿದೆಯಾ? ಪಂಚತಂತ್ರದ ಮುಂಗುಸಿ ಕಥೆನೇ! ಅಲ್ಲಿ ಹಾವು, ಇಲ್ಲಿ ತೋಳ.

ಸಮಾಧಿ ಮಾತ್ರ 18ನೇ ಶತಮಾನದ ಕೊನೆಯದು. ಊರಿನ ಹೋಟೆಲ್ ಯಜಮಾನ ಡೇವಿಡ್ ಪ್ರಿಚರ್ಡ್ ಗಿರಾಕಿಗಳು ಬರಲಿ ಅಂತ ಮಾಡಿಸಿದ್ದು ಅಂತಾರೆ. ಪಕ್ಕಾ ಮಾರ್ಕೆಟಿಂಗ್! ಆದರೂ ಇವತ್ತಿಗೂ ಜನ ಅಲ್ಲಿಗೆ ನಡ್ಕೊಂಡು ಹೋಗ್ತಾರೆ. ಗೊತ್ತಿದ್ದೂ ನನಗೂ ಹೋಗಬೇಕು ಅನ್ಸುತ್ತೆ.