ಬೆಟ್ಟದ ದಾರಿಗೆ ಯಾವ ನಕ್ಷೆ? ಹಣ ತೆರುವ ಮುನ್ನ ಕೆಲವು ಮಾತು

ವಾರದ ಆರು ದಿನ ಉಪಾಹಾರ ಗೃಹದ ಒಲೆಯ ಮುಂದೆಯೋ ಕಚೇರಿಯ ಕಂಪ್ಯೂಟರಿನ ಮುಂದೆಯೋ ದುಡಿದು, ಏಳನೆಯ ದಿನ ಬೆನ್ನಿಗೊಂದು ಚೀಲವನ್ನೇರಿಸಿ ಕರ್ಜತ್, ಕಸಾರಾ, ಲೋಣಾವಳಗಳ ಕಡೆಗೆ ಹೊರಟುಬಿಡುವ ತರುಣರು ಮುಂಬಯಿಯ ನಮ್ಮ ಬಂಧುಗಳಲ್ಲಿಯೂ ಇದ್ದಾರೆ. ಸಹ್ಯಾದ್ರಿ ಅವರಿಗೆ ಹೊಸದಲ್ಲವಷ್ಟೆ. ಊರಿನ ಹಿತ್ತಲಿನಿಂದ ಕಾಣುತ್ತಿದ್ದ ಘಟ್ಟದ ಸಾಲೇ ಇಲ್ಲಿಯವರೆಗೂ ಬಂದಿದೆ. ಆದರೆ ಊರಿನ ಘಟ್ಟವನ್ನೇರುವಾಗ ದಾರಿ ಬಲ್ಲ ಹಿರಿಯರೊಬ್ಬರು ಮುಂದೆ ನಡೆಯುತ್ತಿದ್ದರು. ಇಲ್ಲಿ ಮುಂದೆ ನಡೆಯುವುದು ಅಂಗೈಯಲ್ಲಿರುವ ಮೊಬೈಲು. ಆ ಮೊಬೈಲಿನಲ್ಲಿ ಯಾವ ನಕ್ಷೆಯಿರಬೇಕು, ಅದಕ್ಕೆ ಹಣ ಕೊಡಬೇಕೆ, ಕೊಡುವುದಾದರೆ ಯಾವುದಕ್ಕೆ ಎಂಬ ಪ್ರಶ್ನೆ ನಮ್ಮ ಸ್ನೇಹಿತರ ನಡುವೆ ಆಗಾಗ ಏಳುತ್ತದೆ. ನಮಗೆ ಅದರ ಉತ್ತರದ ಅರ್ಧಭಾಗ ದೊರೆತದ್ದು ದಾರಿ ತಪ್ಪಿದ ಮೇಲೆಯೇ.

ನಾವು ನಾಲ್ವರು ಮಳೆಗಾಲ ಮುಗಿದ ಹೊಸದರಲ್ಲಿ ರಾಜಮಾಚಿಗೆ ಹೋಗಿದ್ದೆವು. ಶ್ರೀವರ್ಧನ, ಮನರಂಜನ ಎಂಬ ಎರಡು ಕೋಟೆಗಳೂ ಅವುಗಳ ಬುಡದಲ್ಲಿ ಉಧೇವಾಡಿ ಎಂಬ ಹಳ್ಳಿಯೂ ಇರುವ ಸ್ಥಳವದು. ಲೋಣಾವಳದ ಕಡೆಯಿಂದ ಹೋಗುವ ದಾರಿ ಉದ್ದವಾದರೂ ಸುಗಮ; ಕರ್ಜತ್ ಕಡೆಗೆ ಕೊಂಢಾಣೆ ಗುಹೆಗಳ ಮಾರ್ಗವಾಗಿ ಇಳಿಯುವ ದಾರಿ ಗಿಡ್ಡ, ಆದರೆ ಕಾಡಿನೊಳಗಣ ಕಡಿದಾದ ಇಳಿಜಾರು. ನಾವು ಅಪರಾಹ್ನ ಇಳಿಯತೊಡಗಿದೆವು. ಅರ್ಧ ತಾಸಿನಲ್ಲಿ ಮೊಬೈಲಿನ ಸಂಪರ್ಕ ಕಡಿಯಿತು; ಕಡಿದೊಡನೆ ನಮ್ಮ ಆ್ಯಪಿನ ನಕ್ಷೆ ಬೂದುಬಣ್ಣದ ಬರಿ ಹಾಳೆಯಾಯಿತು. ಅದರ ನಡುವೆ ನಾವಿದ್ದೇವೆಂದು ತೋರುವ ನೀಲಿ ಚುಕ್ಕೆಯೊಂದು ಮಾತ್ರ ಮಿನುಗುತ್ತಿತ್ತು. ಎಲ್ಲಿಯ ಮಧ್ಯದಲ್ಲಿ ಇದ್ದೇವೆಂಬುದನ್ನು ಹೇಳದ ಚುಕ್ಕೆಯಿಂದ ಏನು ಪ್ರಯೋಜನ? ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳುವ ಸೌಲಭ್ಯ ಚಂದಾದಾರರಿಗೆ ಮಾತ್ರವೆಂದು ಆ ಆ್ಯಪು ತಿಳಿಸಿಯೇ ಇತ್ತು, ಓದದಿದ್ದವರು ನಾವು. ದನಗಳು ತುಳಿದ ಜಾಡನ್ನೇ ಹಾದಿಯೆಂದು ಭ್ರಮಿಸಿ ನಡೆದು, ಕಡೆಗೊಂದು ಕಡಿಬಂಡೆಯ ನೆತ್ತಿಯ ಮೇಲೆ ನಿಂತೆವು. ಕೆಳಗೆ ಉಲ್ಹಾಸ ನದಿಯ ಕಣಿವೆ. ಸೌದೆಯ ಹೊರೆ ಹೊತ್ತು ಬರುತ್ತಿದ್ದ ಆ ಸೀಮೆಯ ತಾಯಿಯೊಬ್ಬರು ನಮ್ಮನ್ನು ಕಂಡು ನಕ್ಕು, ಹಿಂದಕ್ಕೆ ಕರೆದೊಯ್ದು ಸರಿಯಾದ ಕವಲಿಗೆ ಬಿಡದಿದ್ದರೆ ಆ ರಾತ್ರಿ ಕಾಡಿನಲ್ಲಿಯೇ. ನಮ್ಮಲ್ಲಿ ಒಬ್ಬರು ಮರುದಿನ ಬೆಳಗಿನ 5 ಗಂಟೆಗೆ ಒಲೆ ಹೊತ್ತಿಸಬೇಕಾದವರು. ಒಂದು ದಿನದ ಗೈರುಹಾಜರಿಯೆಂದರೆ ಒಂದು ದಿನದ ಪಗಾರವಷ್ಟೇ ಅಲ್ಲ, ಧಣಿಯ ಮುಖವೂ ಹೌದೆಂದು ಅವರು ದಾರಿಯುದ್ದಕ್ಕೂ ಹೇಳುತ್ತಲೇ ಬಂದರು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೊಡೆದುಹಾಕುವುದು ಅವಶ್ಯ. ಸಂಪರ್ಕವಿಲ್ಲದಿದ್ದರೆ ಜಿಪಿಎಸ್ ನಡೆಯದೆಂದು ಬಹುಮಂದಿ ನಂಬಿದ್ದಾರೆ. ಹಾಗಲ್ಲ. ಸುಮಾರು 20,000 ಕಿಲೊಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ನಾಲ್ಕರ ಸಂಕೇತಗಳನ್ನು ಹಿಡಿದರೆ ಸಾಕು, ಮೊಬೈಲು ತಾನಿರುವ ಸ್ಥಳವನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಅದಕ್ಕೆ ಇಂಟರ್ನೆಟ್ಟೂ ಬೇಡ, ಸಿಮ್ಮೂ ಬೇಡ. ಇಂಟರ್ನೆಟ್ ಬೇಕಾಗುವುದು ಆ ಸ್ಥಳದ ಕೆಳಗೆ ಹಾಸುವ ನಕ್ಷೆಗೆ. ಆದ್ದರಿಂದಲೇ ನಕ್ಷೆಯನ್ನು ಮನೆಯಲ್ಲಿಯೇ ಇಳಿಸಿಕೊಳ್ಳುವ ಅನುಕೂಲ ಎಲ್ಲಕ್ಕಿಂತ ಮುಖ್ಯವಾದುದು. ಹಣ ಪಡೆಯುವ ಆ್ಯಪುಗಳು ಅನೇಕ ವೇಳೆ ಬೆಲೆ ಕಟ್ಟುವುದೂ ಅದಕ್ಕೇ.

ಎಲ್ಲರ ಮೊಬೈಲಿನಲ್ಲಿರುವ ಗೂಗಲ್ ಮ್ಯಾಪ್ಸ್ ಸಾಲದೆ ಎಂದು ಕೇಳಬಹುದು. ಮಾಟುಂಗಾದಿಂದ ಮುಲುಂಡಿಗೆ ಹೋಗಲು ಧಾರಾಳವಾಗಿ ಸಾಕು. ಅದರಲ್ಲಿಯೂ ಒಂದು ಪ್ರದೇಶವನ್ನು ಇಳಿಸಿಟ್ಟುಕೊಳ್ಳಬಹುದು. ಆದರೆ ಸಂಪರ್ಕವಿಲ್ಲದಾಗ ಅದು ವಾಹನದ ದಾರಿಯನ್ನು ಹೇಳುತ್ತದೆಯೇ ಹೊರತು ಕಾಲ್ನಡಿಗೆಯ ದಾರಿಯನ್ನಲ್ಲ. ಬೆಟ್ಟಕ್ಕೆ ಹೋಗುವವರಿಗೆ ಅದರ ಉಪಯೋಗ ರೈಲುನಿಲ್ದಾಣದಿಂದ ಬುಡದ ಹಳ್ಳಿಯವರೆಗೆ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಇದಕ್ಕೆ ಮೊದಲು ಅಂಗಡಿಯ ಗುಟ್ಟೊಂದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಬೆಟ್ಟದ ದಾರಿ ತೋರುವ ಆ್ಯಪುಗಳಲ್ಲಿ ಬಹುಪಾಲಿನವು ತಮ್ಮ ಅಡಿಪಾಯವಾಗಿ ಇಟ್ಟುಕೊಂಡಿರುವುದು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಒಂದೇ ನಕ್ಷೆಯನ್ನು. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬವರು ಆರಂಭಿಸಿದ ಈ ನಕ್ಷೆಯನ್ನು ಲೋಕದ ಸ್ವಯಂಸೇವಕರು ಕೂಡಿ ಬರೆಯುತ್ತ ಬಂದಿದ್ದಾರೆ. ಅದು ಎಲ್ಲರಿಗೂ ಮುಕ್ತ. ಒಂದೇ ಹಿಟ್ಟಿನಿಂದ ಒಬ್ಬ ದೋಸೆ ಹುಯ್ದರೆ ಮತ್ತೊಬ್ಬ ಉತ್ತಪ್ಪ ಮಾಡಿ ಬೇರೆ ದರ ಬರೆದಂತೆ ಇದು. ನಮ್ಮ ಹೋಟೆಲು ಬಂಧುಗಳಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಸ್ವಯಂಸೇವಕರು ಯಾವ ಕಾಲುದಾರಿಯನ್ನು ಬರೆದಿಲ್ಲವೋ ಅದು ಹಣ ಕೊಟ್ಟ ಮಾತ್ರಕ್ಕೆ ಮೂಡುವುದಿಲ್ಲ. ಆದುದರಿಂದ ನೀವು ಹೋಗಲಿರುವ ಬೆಟ್ಟದ ಹಾದಿ ನಕ್ಷೆಯಲ್ಲಿ ಇದೆಯೆ ಎಂಬುದನ್ನು ಪುಕ್ಕಟೆಯಾಗಿ ನೋಡಿಕೊಂಡು, ಆಮೇಲೆ ಜೇಬಿಗೆ ಕೈ ಹಾಕುವುದು ಜಾಣತನ.

ಅಮೆರಿಕದ ಆಲ್‌ಟ್ರೇಲ್ಸ್ ಬಹು ಪ್ರಸಿದ್ಧವಾದುದು. ಸಿದ್ಧಪಡಿಸಿದ ಹಾದಿಗಳೂ ನಡೆದುಬಂದವರ ಅಭಿಪ್ರಾಯಗಳೂ ಅದರ ಬಲ. ನಕ್ಷೆ ಇಳಿಸಿಕೊಳ್ಳಬೇಕಾದರೆ ವಾರ್ಷಿಕ ಚಂದಾ ಬೇಕು. ಅಮೆರಿಕದಲ್ಲಿ ಅದರ ಪ್ಲಸ್ ಶ್ರೇಣಿಗೆ ಸುಮಾರು 36 ಡಾಲರ್. ಅಲ್ಲಿಯದೇ ಆದ ಗಾಯಾ ಜಿಪಿಎಸ್ ಇನ್ನೂ ಗಂಭೀರವಾದುದು, ಪದರದ ಮೇಲೆ ಪದರವಾಗಿ ನಕ್ಷೆಗಳನ್ನು ಹಾಸಬಲ್ಲುದು. ಆದರೆ ಅದರ ಶ್ರೇಷ್ಠ ಪದರಗಳು ಅಮೆರಿಕದ ಸರ್ಕಾರಿ ಭೂಮಾಪನ ಹಾಗೂ ಅರಣ್ಯ ಇಲಾಖೆಗಳ ನಕ್ಷೆಗಳು. ಕ್ಯಾಲಿಫೋರ್ನಿಯದ ಕಾಡಿನ ನಕ್ಷೆಗಾಗಿ ಕರ್ಜತ್‌ಗೆ ಹೋಗುವವನು ಹಣ ತೆರುವುದು ನಮಗಂತೂ ಸರಿಕಾಣದು. ಸ್ಪೇನಿನಲ್ಲಿ 2006ರಲ್ಲಿ ಹುಟ್ಟಿದ ವಿಕಿಲಾಕ್ ಬೇರೆ ಬಗೆಯದು. ಜನರು ತಾವು ನಡೆದ ಜಾಡನ್ನೇ ಅದರಲ್ಲಿ ದಾಖಲಿಸುತ್ತಾರೆ. ಸಹ್ಯಾದ್ರಿಯ ಚಾರಣಿಗರೂ ಧಾರಾಳವಾಗಿ ದಾಖಲಿಸಿದ್ದಾರೆ. ಜಾಡು ತಪ್ಪಿದೊಡನೆ ಎಚ್ಚರಿಸುವ ಸೌಲಭ್ಯ ಚಂದಾ ತೆತ್ತವರಿಗೆ. ನಮ್ಮ ಸೀಮೆಯ ಮಟ್ಟಿಗೆ ಚಂದಾ ಕೊಡಲು ಯೋಗ್ಯವಾದ ಆ್ಯಪು ಇದೊಂದೇ ಎಂದು ನಾವು ಭಾವಿಸುತ್ತೇವೆ. ಹಾಗೆಂದು ಯಾರೋ ಒಬ್ಬರು ನಡೆದುಬಂದರೆಂಬುದರಿಂದಲೇ ಅದು ಒಳ್ಳೆಯ ದಾರಿಯೆನ್ನಲಾಗದು. ದಾರಿ ತಪ್ಪಿ ಅಲೆದವನ ಜಾಡೂ ಅಲ್ಲಿ ಅಷ್ಟೇ ಅಂದವಾಗಿ ಕಾಣುತ್ತದೆ. ನಾಲ್ಕೈದು ಮಂದಿಯ ಜಾಡುಗಳನ್ನು ಹೋಲಿಸಿ ನೋಡಬೇಕು.

ಇನ್ನು ಆಸ್ಮ್ಯಾಂಡ್. ನೋಡಲು ಅಷ್ಟೇನೂ ಚೆಲುವಲ್ಲ. ಮೊದಲ ದಿನ ಅದರ ಗುಂಡಿಗಳ ನಡುವೆಯೇ ದಾರಿ ತಪ್ಪುವ ಸಂಭವವಿದೆ. ಆದರೆ ಮಹಾರಾಷ್ಟ್ರ, ಕರ್ನಾಟಕ ಎಂದು ರಾಜ್ಯಕ್ಕೊಂದರಂತೆ ನಕ್ಷೆಯನ್ನು ಇಳಿಸಿಕೊಳ್ಳಬಹುದು. ಆಂಡ್ರಾಯ್ಡ್ ಮೊಬೈಲಿನಲ್ಲಿ 7 ನಕ್ಷೆಗಳವರೆಗೆ ಉಚಿತ. ಸಮೋನ್ನತಿ ರೇಖೆಗಳು ಬೇಕೆಂದರೆ ಒಮ್ಮೆ ಹಣ ಕೊಟ್ಟು ಮುಗಿಸುವ ಮಾರ್ಗವೂ ಉಂಟು. ವರ್ಷಕ್ಕೆ ನಾಲ್ಕು ಬಾರಿ ರಜೆ ಸಿಗುವವನು ವರ್ಷವಿಡೀ ಚಂದಾ ತೆರುವುದಕ್ಕಿಂತ ಇದು ಮೇಲು. ಬಿಡಿಕಾಸೂ ಕೊಡಲಾರೆನೆಂಬವರಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಇದೆ. ಜಾಹೀರಾತಿಲ್ಲ, ಚಂದಾ ಇಲ್ಲ, ಸಂಪರ್ಕವಿಲ್ಲದೆಯೂ ಕೆಲಸ ಮಾಡುತ್ತದೆ.

ಸಮೋನ್ನತಿ ರೇಖೆಗಳ ಬಗ್ಗೆ ಒಂದು ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಶಾಲೆಯ ಭೂಗೋಳದಲ್ಲಿ ಓದಿದ್ದೇವೆ: ರೇಖೆಗಳು ಒತ್ತಾಗಿದ್ದರೆ ಕಡಿದು, ವಿರಳವಾಗಿದ್ದರೆ ಸಮತಟ್ಟು. ಅನೇಕ ಆ್ಯಪುಗಳಲ್ಲಿ ಈ ರೇಖೆಗಳಿಗೆ ಆಧಾರ 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಗಗನನೌಕೆ 11 ದಿನ ಭೂಮಿಯನ್ನು ಸುತ್ತಿ ರೇಡಾರಿನಿಂದ ಅಳೆದ ಅಳತೆ. ಅದರಲ್ಲಿ ಸುಮಾರು 30 ಮೀಟರಿಗೊಂದು ಎತ್ತರದ ಅಂಕಿಯುಂಟು. ಸಹ್ಯಾದ್ರಿಯಾದರೋ ಲಾವಾರಸ ಪದರಪದರವಾಗಿ ಹೆಪ್ಪುಗಟ್ಟಿ ಆದ ಬೆಟ್ಟ; ಮೆಟ್ಟಿಲಿನಂತೆ ಒಂದು ಸಮತಟ್ಟು, ಒಡನೆಯೇ ಗೋಡೆಯಂಥ ಬಂಡೆ. ಎರಡು ಅಂಕಿಗಳ ನಡುವೆ ಸಿಕ್ಕಿಕೊಂಡ ಆಳೆರಡಾಳು ಎತ್ತರದ ಬಂಡೆ ರೇಖೆಗಳಲ್ಲಿ ಕಾಣುವುದೇ ಇಲ್ಲ. ದೊಡ್ಡ ಕಡಿಬಂಡೆಯೂ ಬರಿಯ ಇಳಿಜಾರಿನಂತೆ ಮೆದುವಾಗಿ ತೋರುತ್ತದೆ. ಕಾಲು ಮುರಿಯಲು ಆಳೆರಡಾಳು ಎತ್ತರವೇ ಸಾಕಲ್ಲವೆ? ಆದ್ದರಿಂದ ನಕ್ಷೆಯಲ್ಲಿ ಹತ್ತಿರವಾಗಿ ಕಂಡಿತೆಂದು ಅಡ್ಡದಾರಿ ಹಿಡಿಯಕೂಡದು.

ಚಂದಾದಾರರಾಗುವವರಿಗೆ ಇನ್ನೆರಡು ಮಾತು. ಏಳು ದಿನ ಉಚಿತವೆಂದು ಆರಂಭವಾಗುವ ಚಂದಾ, ನಾವಾಗಿ ರದ್ದುಮಾಡದಿದ್ದರೆ ಖಾತೆಯಿಂದ ತಾನಾಗಿಯೇ ಹಣವನ್ನು ಎಳೆದುಕೊಳ್ಳುತ್ತದೆ. ಪಗಾರ ಬಂದ ದಿನವೇ ಎಳೆದುಕೊಂಡರೆ ಆಶ್ಚರ್ಯಪಡಬೇಡಿ. ಎರಡನೆಯದು, ಆ್ಯಪುಗಳಿಗೂ ಆಯುಷ್ಯವಿದೆ. ಪರ್ವತಗಳ ಮೂರು ಆಯಾಮದ ನಕ್ಷೆಗೆ ಹೆಸರಾಗಿದ್ದ ಫ್ಯಾಟ್‌ಮ್ಯಾಪನ್ನು ಸ್ಟ್ರಾವಾ 2023ರಲ್ಲಿ ಕೊಂಡು, 2024ರ ಅಕ್ಟೋಬರಿನಲ್ಲಿ ಮುಚ್ಚಿಬಿಟ್ಟಿತು. ಜರ್ಮನಿಯ ಕೊಮೂಟ್ 2025ರ ಮಾರ್ಚಿನಲ್ಲಿ ಇಟಲಿಯ ಸಂಸ್ಥೆಯೊಂದರ ಪಾಲಾಯಿತು. ನೀವು ನಡೆದ ಹಾದಿಗಳನ್ನು ಜಿಪಿಎಕ್ಸ್ ಎಂಬ ಸಾಮಾನ್ಯ ಕಡತವಾಗಿ ತೆಗೆದಿಟ್ಟುಕೊಂಡರೆ ಯಾವ ಆ್ಯಪಿನಲ್ಲಾದರೂ ತೆರೆಯಬಹುದು.

ನಕ್ಷೆಯಲ್ಲಿ ಹಾದಿಯಿದೆಯೆಂದರೆ ಹೋಗಲು ಅನುಮತಿಯಿದೆಯೆಂದಲ್ಲ. ರಜೆಯಲ್ಲಿ ಊರಿಗೆ ಹೋದಾಗ ಕುಮಾರ ಪರ್ವತವನ್ನು ಏರಬೇಕೆನ್ನುವವರು ಇದನ್ನು ನೆನಪಿಡಬೇಕು. 2024ರ ಜನವರಿಯಲ್ಲಿ ಅಲ್ಲಿ ಜನಸಂದಣಿ ಮಿತಿಮೀರಿದ ಮೇಲೆ ಕರ್ನಾಟಕ ಸರ್ಕಾರ ಆನ್‌ಲೈನ್ ನೋಂದಣಿಯ ಕಟ್ಟುಪಾಡನ್ನು ತಂದಿತು. ಇದನ್ನು ಯಾವ ಆ್ಯಪಿನ ಗೆರೆಯೂ ಹೇಳುವುದಿಲ್ಲ.

ನಮ್ಮ ಒಲೆ ಹೊತ್ತಿಸುವ ಗೆಳೆಯರು ಈಗ ಆಸ್ಮ್ಯಾಂಡನ್ನು ಒಮ್ಮೆ ಹಣ ಕೊಟ್ಟು ಕೊಂಡಿದ್ದಾರೆ. ಹೊರಡುವ ಹಿಂದಿನ ರಾತ್ರಿ ಹೋಟೆಲು ಮುಚ್ಚಿದ ಮೇಲೆ, ಗಲ್ಲೆಯ ಹತ್ತಿರದ ವೈಫೈಯಿಂದ ಮಹಾರಾಷ್ಟ್ರದ ನಕ್ಷೆಯನ್ನು ಹೊಸದಾಗಿ ಇಳಿಸಿಕೊಳ್ಳುತ್ತಾರೆ. ಮೊಬೈಲನ್ನು ವಿಮಾನಸ್ಥಿತಿಗೆ ತಂದು ನಕ್ಷೆ ಕಾಣುತ್ತದೆಯೆ ಎಂದು ನಮ್ಮೆದುರಿನಲ್ಲಿಯೇ ಪರೀಕ್ಷಿಸುತ್ತಾರೆ. ಬುಡದ ಹಳ್ಳಿ ತಲುಪಿದಾಗ ಚಹದ ಅಂಗಡಿಯಲ್ಲಿ ಕುಳಿತು ಮತ್ತೆ ದಾರಿ ವಿಚಾರಿಸುವವರೂ ಅವರೇ.